ಹೊಸ ಮನೆಗೆ ಫೈರ್‌ಪ್ಲೇಸ್ ಕಟ್ಟಿಸಬೇಕಾ, ಕಬ್ಬಿಣದ ಸೌದೆ ಒಲೆ ಸಾಕಾ? ಖರ್ಚಿನ ಲೆಕ್ಕ ಗೊತ್ತಿದ್ದವರು ಹೇಳಿ

ಕಾಫಿಕಣ
ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆಯಿಂದ ಪುಷ್ಪಗಿರಿ ಕಡೆ ಹೋಗುವ ದಾರಿಯಲ್ಲಿ ತೋಟದೊಳಗೇ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಹಾಲ್ ಮೇಲೆ ಮಂಗಳೂರು ಹೆಂಚಿನ ಮಾಡು, ಉಳಿದದ್ದೆಲ್ಲ ಆರ್‌ಸಿಸಿ.

ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಆಮೇಲೆ ಡಿಸೆಂಬರ್, ಜನವರಿ ಚಳಿ. ಅಮ್ಮನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಸಂಜೆ ಆರರಿಂದ ಹತ್ತರವರೆಗೆ ಹಾಲ್ ಬೆಚ್ಚಗಿದ್ದರೆ ಸಾಕು. ಅದಕ್ಕೆ ಮೂರು ರೇಟ್ ಬಂದಿದೆ. ಮೇಸ್ತ್ರಿ ಇಟ್ಟಿಗೆಯ ಫೈರ್‌ಪ್ಲೇಸ್‌ಗೆ ಚಿಮಣಿ ಸೇರಿ 95 ಸಾವಿರ ಹೇಳಿದ್ದಾರೆ. ಮೈಸೂರಿನ ಇಂಟೀರಿಯರ್‌ನವರು ಗಾಜಿನ ಬಾಗಿಲಿನ ಆಮದು ಸ್ಟೌಗೆ 2.6 ಲಕ್ಷ ಅಂದರು, ಪೈಪ್ ಬೇರೆ. ಊರಿನ ವೆಲ್ಡಿಂಗ್ ಶಾಪ್‌ನವರು ದಪ್ಪ ಪ್ಲೇಟಿನಲ್ಲಿ ಬಾಗಿಲಿರುವ ಒಲೆ 35 ಸಾವಿರಕ್ಕೆ ಮಾಡಿಕೊಡುತ್ತಾರಂತೆ.

ಸೌದೆಗೆ ಕೊರತೆ ಇಲ್ಲ. ಪ್ರತಿ ವರ್ಷ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿದಾಗ ಬೇಕಾದಷ್ಟು ಬೀಳುತ್ತದೆ. ಹಾಗಾಗಿ ಸೌದೆ ಬಿಟ್ಟಿ ಅಂತಲೇ ಲೆಕ್ಕ ಹಾಕಿದ್ದೇನೆ. ಯಾವುದಕ್ಕೆ ದುಡ್ಡು ಹಾಕುವುದು ಸರಿ? ಬಚ್ಚಲಿಗೆ ಹಂಡೆ ಒಲೆಯೋ, ಸೋಲಾರೋ ಅನ್ನುವುದೂ ಇನ್ನೂ ತೀರ್ಮಾನ ಆಗಿಲ್ಲ.

ಬಿಳಿಗಿರಿ
ಫೈರ್‌ಪ್ಲೇಸ್ ಬೇಡ. ನೋಡುವುದಕ್ಕೆ ಚಂದ, ಬಿಸಿ ಇಲ್ಲ.

ಎಸ್ಟೇಟ್_ರೋಡ್
ಬಿಳಿಗಿರಿ ಸರ್ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ನಾನು ಒಪ್ಪುವುದಿಲ್ಲ. ಹಳೇ ತೋಟದ ಬಂಗಲೆಗಳಲ್ಲಿ ಫೈರ್‌ಪ್ಲೇಸ್ ಸುಮ್ನೆ ಇಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ತಾತನ ಕಾಲದ್ದು ಇದೆ, ಇವತ್ತಿಗೂ ಉರಿಯುತ್ತದೆ. ಮಳೆಗಾಲದ ಸಂಜೆ ಮನೆಯವರೆಲ್ಲ ಅದರ ಮುಂದೆ ಕೂರುತ್ತಾರೆ. ಮಕ್ಕಳು ಫೋನ್ ಕೆಳಗಿಡುತ್ತಾರೆ. ಅದಕ್ಕೆ ಬೆಲೆ ಇಲ್ವಾ? ಎಲ್ಲವನ್ನೂ ರೂಪಾಯಿಯಲ್ಲೇ ಅಳೆಯಬೇಡಿ.

ಲೆಕ್ಕಾಚಾರ
ಪ್ರಶ್ನೆ ಕೇಳಿರುವುದೇ ರೂಪಾಯಿ ಬಗ್ಗೆ ಅಲ್ವಾ, ಎಸ್ಟೇಟ್_ರೋಡ್ ಸರ್. ಅಳೆದೇ ನೋಡೋಣ.

ಚೆನ್ನಾಗಿ ಒಣಗಿದ ಸೌದೆ ಒಂದು ಕೆಜಿಯಲ್ಲಿ ಸುಮಾರು 4 ಯೂನಿಟ್‌ನಷ್ಟು ಶಾಖ ಇರುತ್ತದೆ (ಕರೆಂಟ್ ಯೂನಿಟ್ ಲೆಕ್ಕದಲ್ಲೇ ಹೇಳುತ್ತಿದ್ದೇನೆ, ಹೋಲಿಸಲು ಸುಲಭ). ಬಾಯಿ ತೆರೆದ ಫೈರ್‌ಪ್ಲೇಸ್‌ನಲ್ಲಿ ಅದರ ಹತ್ತನೇ ಒಂದು ಭಾಗ ಕೋಣೆಗೆ ಸಿಕ್ಕರೆ ಹೆಚ್ಚು. ಉಳಿದದ್ದು ಚಿಮಣಿಯಲ್ಲಿ ಹೋಗುತ್ತದೆ. ಬಾಗಿಲು ಮುಚ್ಚುವ ಒಳ್ಳೆಯ ಒಲೆಯಲ್ಲಿ ನೂರಕ್ಕೆ 65ರಿಂದ 75 ಸಿಗುತ್ತದೆ. ವೆಲ್ಡಿಂಗ್ ಶಾಪ್ ಒಲೆ ಅಂತ ಕಡಿಮೆ ಕಡೆಯದೇ ಹಿಡಿಯುತ್ತೇನೆ, 65.

ನಿಮ್ಮ ಹಾಲ್‌ಗೆ 3 ಕಿಲೋವಾಟ್ ಸಾಕು ಅಂತ ಇಟ್ಟುಕೊಳ್ಳಿ. ನಾಲ್ಕು ಗಂಟೆಗೆ 12 ಯೂನಿಟ್ ಶಾಖ ಬೇಕು. ಮುಚ್ಚಿದ ಒಲೆಗೆ ಹತ್ತಿರ ಹತ್ತಿರ 5 ಕೆಜಿ ಸೌದೆ. ತೆರೆದ ಫೈರ್‌ಪ್ಲೇಸ್‌ಗೆ 30 ಕೆಜಿ. ವರ್ಷಕ್ಕೆ 150 ಸಂಜೆ ಉರಿಸುತ್ತೀರಿ ಅಂದರೆ ಒಂದು ಕಡೆ ಮುಕ್ಕಾಲು ಟನ್, ಇನ್ನೊಂದು ಕಡೆ ನಾಲ್ಕೂವರೆ ಟನ್. ಕೊಂಡು ತಂದರೆ, ಕೆಜಿಗೆ 8 ರೂಪಾಯಿ ಹಿಡಿದು, 6 ಸಾವಿರ ಮತ್ತು 36 ಸಾವಿರ. ಪ್ರತಿ ವರ್ಷ.

ಎಸ್ಟೇಟ್_ರೋಡ್
30 ಕೆಜಿ ಯಾರೂ ಹಾಕುವುದಿಲ್ಲ ಸರ್. ನಾವು ಅರ್ಧವೂ ಹಾಕುವುದಿಲ್ಲ.

ಲೆಕ್ಕಾಚಾರ
ಹಾಕದೇ ಇರುವುದರಿಂದಲೇ ಹಾಲ್ ಪೂರ್ತಿ ಬೆಚ್ಚಗಾಗುವುದಿಲ್ಲ. ಮುಂದೆ ಕೂತವರಿಗೆ ಮುಖ ಬೆಚ್ಚಗೆ, ಬೆನ್ನು ತಣ್ಣಗೆ. ಉರಿ ಮೇಲೆ ಎಳೆಯುವ ಗಾಳಿಯ ಜಾಗ ತುಂಬಲು ಕಿಟಕಿ ಸಂದಿನಿಂದ, ಹೆಂಚಿನ ಸಂದಿನಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ಪಕ್ಕದ ಕೋಣೆ ಮೊದಲಿಗಿಂತ ತಣ್ಣಗಾಗುವುದೂ ಉಂಟು.

ಗಾರೆಮನೆ
ಕಟ್ಟುವವನಾಗಿ ಹೇಳುತ್ತೇನೆ. 95 ಸಾವಿರದಲ್ಲಿ ಏನೇನು ಸೇರಿದೆ ಅಂತ ಮೇಸ್ತ್ರಿಯನ್ನು ಕೇಳಿ. ಮುಖ್ಯವಾಗಿ ಅಡಿಪಾಯ. ಹೆಂಚಿನ ಮಾಡು ದಾಟಿ ಹೋಗಬೇಕು ಅಂದರೆ ಚಿಮಣಿ ಹದಿನೆಂಟು ಅಡಿಯಾದರೂ ಆಗುತ್ತದೆ. ಹೊರಗೆ ಎರಡೂವರೆ ಅಡಿ ಚೌಕ, ಒಳಗೆ ಒಂದು ಅಡಿ ಚೌಕ ರಂಧ್ರ ಅಂದರೆ ಇಟ್ಟಿಗೆ ತೂಕವೇ ಐದು ಟನ್ ಬರುತ್ತದೆ. ಅದನ್ನು ಮನೆಯ ಗೋಡೆ ಮೇಲೆ ಹೊರಿಸುವ ಹಾಗಿಲ್ಲ. ಕೆಳಗಿನಿಂದ ಬೇರೆ ಅಡಿಪಾಯ ಬೇಕು. ನಿಮ್ಮ ಗೋಡೆ ಲಿಂಟಲ್‌ಗೆ ಬಂದಿದೆ ಅಂತೀರಿ, ಅಂದರೆ ಈಗ ನೆಲ ಅಗೆಯಬೇಕು. ಅದು ರೇಟಿನಲ್ಲಿ ಇರುವುದಿಲ್ಲ, ಬರೆದಿಟ್ಟುಕೊಳ್ಳಿ.

ಎರಡನೆಯದು, ಬಾಯಿ ಮತ್ತು ಚಿಮಣಿಯ ಅಳತೆ. ಬಾಯಿಯ ವಿಸ್ತೀರ್ಣ ಹತ್ತು ಪಾಲಾದರೆ ಚಿಮಣಿಯ ಒಳರಂಧ್ರ ಒಂದು ಪಾಲಾದರೂ ಇರಬೇಕು. ಬಾಯಿ 36 ಇಂಚು ಅಗಲ, 28 ಇಂಚು ಎತ್ತರ ಇಟ್ಟರೆ ರಂಧ್ರ 10 ಇಂಚು ಚೌಕಕ್ಕಿಂತ ಕಡಿಮೆ ಆಗಬಾರದು. ನಮ್ಮ ಕಡೆ ಬಾಯಿ ದೊಡ್ಡದು ಮಾಡಿ, ಖರ್ಚು ಉಳಿಸಲು 6 ಇಂಚಿನ ಪೈಪ್ ಇಡುತ್ತಾರೆ. ಹೊಗೆಯೆಲ್ಲ ಹಾಲ್‌ಗೆ. ಮತ್ತೆ ಒಡೆದು ಕಟ್ಟುವುದು ಎರಡು ಪಟ್ಟು ಖರ್ಚು.

ಒಳಗೆ ಉರಿ ತಾಗುವ ಕಡೆ ಫೈರ್ ಬ್ರಿಕ್ (ಬಿಸಿ ತಡೆಯುವ ಇಟ್ಟಿಗೆ) ಹಾಕಿಸಿ. ಮಾಮೂಲಿ ಇಟ್ಟಿಗೆ, ಸಿಮೆಂಟ್ ಗಾರೆ ಎರಡೂ ಬಿಸಿಗೆ ಬಿರುಕು ಬಿಡುತ್ತವೆ. ಚಿಮಣಿಯ ತುದಿ ಮಾಡಿನಿಂದ ಹೊರಬರುವ ಜಾಗಕ್ಕಿಂತ 3 ಅಡಿ ಮೇಲಿರಬೇಕು, ಸುತ್ತ 10 ಅಡಿ ಒಳಗೆ ಏನೇ ಇದ್ದರೂ ಅದಕ್ಕಿಂತ 2 ಅಡಿ ಮೇಲಿರಬೇಕು. ಇಲ್ಲದಿದ್ದರೆ ಗಾಳಿ ಹೊಗೆಯನ್ನು ವಾಪಸ್ ತಳ್ಳುತ್ತದೆ. ಚಿಮಣಿಗೂ ಹೆಂಚು ಹೊರುವ ಮರದ ಪಕಾಸಿಗೂ ಕನಿಷ್ಠ 2 ಇಂಚು ಅಂತರ.

ಎಲ್ಲಕ್ಕಿಂತ ತಲೆನೋವು ಚಿಮಣಿ ಮಾಡು ದಾಟುವ ಸಂದು. ನಿಮ್ಮ ಕಡೆಯ ಮಳೆಗೆ ಅಲ್ಲಿ ಸೋರದೆ ಇರುವುದು ಕಷ್ಟ. ತಗಡಿನ ಹೊದಿಕೆ ಸರಿಯಾಗಿ ಮಾಡುವವರನ್ನೇ ಹುಡುಕಬೇಕು.

ಕಾಫಿಕಣ
ಗಾರೆಮನೆ ಅಣ್ಣ, ತುಂಬಾ ಉಪಕಾರ. ಮೇಸ್ತ್ರಿಗೆ ಈಗಷ್ಟೇ ಫೋನ್ ಮಾಡಿದೆ. ಅಡಿಪಾಯ ಸೇರಿಲ್ಲ, ಫೈರ್ ಬ್ರಿಕ್ ಸೇರಿಲ್ಲ, ತಗಡಿನ ಕೆಲಸವೂ ಸೇರಿಲ್ಲ. ಎಲ್ಲ ಸೇರಿದರೆ ಒಂದೂವರೆ ಲಕ್ಷ ಆಗಬಹುದು ಅಂದರು.

ಹವಾಲ್ದಾರ್_ಮಡಿಕೇರಿ
ಮಗಾ, ಬುಖಾರಿ ನೋಡಿದ್ದೀಯಾ? ನಾನು ಸೈನ್ಯದಲ್ಲಿದ್ದಾಗ ಕಾಶ್ಮೀರ, ಲಡಾಖ್ ಎರಡೂ ಕಡೆ ಇದ್ದವನು. ಅಲ್ಲಿ ಮೈನಸ್ ಡಿಗ್ರಿಯಲ್ಲಿ ಮನುಷ್ಯರನ್ನು ಉಳಿಸುವುದು ಬುಖಾರಿಯೇ. ತಗಡಿನ ಡ್ರಮ್ಮು, ಮೇಲೊಂದು ಪೈಪು, ಅಷ್ಟೇ. ನಮ್ಮ ಪೋಸ್ಟ್‌ಗಳಲ್ಲಿ ಸೀಮೆಎಣ್ಣೆಯದು, ಊರ ಮನೆಗಳಲ್ಲಿ ಸೌದೆಯದು. ಹಿಮಾಚಲದಲ್ಲಿ ಇದೇ ತರದ್ದಕ್ಕೆ ತಂದೂರ್ ಅಂತಾರೆ. ಮೇಲೆ ಚಹಾ ಕಾಯಿಸುತ್ತಾರೆ, ರೊಟ್ಟಿ ಸುಡುತ್ತಾರೆ, ಪಕ್ಕದಲ್ಲಿ ನೀರಿನ ಡಬ್ಬಿಯೂ ಇರುತ್ತದೆ.

ನಿವೃತ್ತಿ ಆದ ಮೇಲೆ ಒಂದನ್ನು ಲಾರಿಯಲ್ಲಿ ತರಿಸಿಕೊಂಡೆ. ಒಲೆಗಿಂತ ಸಾಗಾಟಕ್ಕೇ ಜಾಸ್ತಿ ಕೊಟ್ಟೆ. ಆದರೂ ಒಟ್ಟು ಇಪ್ಪತ್ತು ಸಾವಿರ ದಾಟಲಿಲ್ಲ. ತೆಳ್ಳನೆ ತಗಡು ಮಾತ್ರ ತಗೋಬೇಡ, ನಮ್ಮ ಮಳೆಗಾಲದ ಥಂಡಿಗೆ ತುಕ್ಕು ಹಿಡಿದು ಮೂರ್ನಾಲ್ಕು ವರ್ಷಕ್ಕೆ ತೂತಾಗುತ್ತದೆ. ನಿನ್ನ ವೆಲ್ಡಿಂಗ್ ಶಾಪ್‌ನವನು ದಪ್ಪ ಪ್ಲೇಟ್ ಅಂದಿದ್ದು ಒಳ್ಳೆಯದು. 2.6 ಲಕ್ಷ ಕೊಡುವುದು ಬೇಡವೇ ಬೇಡ.

ಮಡಿಲು
ದಯವಿಟ್ಟು ಇನ್ನೊಂದು ಮಾತು. ಯಾರೇ ಆಗಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಹೊಗೆ ಕಾಣುವುದಿಲ್ಲ, ವಾಸನೆ ಇಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ನಾನು ನರ್ಸ್. ಪ್ರತಿ ಚಳಿಗಾಲ ಇಂತಹ ಕೇಸ್ ಬರುತ್ತವೆ. ಅದನ್ನು ಪತ್ತೆ ಮಾಡುವ ಅಲಾರಂ ಎರಡು ಮೂರು ಸಾವಿರಕ್ಕೆ ಸಿಗುತ್ತದೆ. ಒಲೆಯ ಬಜೆಟ್‌ನಲ್ಲೇ ಅದನ್ನೂ ಸೇರಿಸಿ.

ಹವಾಲ್ದಾರ್_ಮಡಿಕೇರಿ
ಸರಿಯಾಗಿ ಹೇಳಿದೆ ತಂಗಿ. ಸೈನ್ಯದಲ್ಲೂ ಮಲಗುವ ಮುಂಚೆ ಬುಖಾರಿ ಆರಿಸಲೇಬೇಕು ಅಂತ ಕಟ್ಟುನಿಟ್ಟು. ಪೈಪು ಇದ್ದರೂ ಅಷ್ಟೇ.

ಬಿಳಿಗಿರಿ
ಹಾಟ್ ಅಂಡ್ ಕೋಲ್ಡ್ ಎಸಿ ಯಾರೂ ಹೇಳಲೇ ಇಲ್ಲ. 50 ಸಾವಿರದ ಒಳಗೆ ಬರುತ್ತದೆ. ಚಿಮಣಿ ಇಲ್ಲ, ಬೂದಿ ಇಲ್ಲ, ಮಸಿ ಇಲ್ಲ.

ಲೆಕ್ಕಾಚಾರ
ಬರೀ ಲೆಕ್ಕ ನೋಡಿದರೆ ಬಿಳಿಗಿರಿ ಸರ್ ಹೇಳಿದ್ದೇ ಗೆಲ್ಲುತ್ತದೆ. ನಮ್ಮ ಕಡೆಯ ಚಳಿಯಲ್ಲಿ ಆ ಎಸಿ ಒಂದು ಯೂನಿಟ್ ಕರೆಂಟ್ ತಿಂದು ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. 12 ಯೂನಿಟ್ ಶಾಖಕ್ಕೆ 4 ಯೂನಿಟ್ ಕರೆಂಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಸಂಜೆಗೆ 28 ರೂಪಾಯಿ. ಕೊಂಡ ಸೌದೆಯಲ್ಲಿ ಮುಚ್ಚಿದ ಒಲೆಗೆ 40. ಮಾಮೂಲಿ ರೂಮ್ ಹೀಟರ್‌ಗೆ 84.

ಕಾಫಿಕಣ
ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇರಬೇಕಲ್ಲ ಸರ್. ಲೈನ್ ಮೇಲೆ ಮರ ಬಿದ್ದರೆ ವಾರಗಟ್ಟಲೆ ಇರುವುದಿಲ್ಲ. ಚಳಿ ಜಾಸ್ತಿ ಇರುವುದೂ ಅದೇ ದಿನಗಳಲ್ಲಿ. ಇನ್ವರ್ಟರ್‌ನಲ್ಲಿ ಲೈಟು, ಫ್ಯಾನು, ವೈಫೈ ಬಿಟ್ಟು ಬೇರೆ ಓಡುವುದಿಲ್ಲ.

ಗಾರೆಮನೆ
ಅಷ್ಟೇ ಅಲ್ಲ, ಹೆಂಚಿನ ಮಾಡಿನ ಹಾಲ್‌ಗೆ ಎಸಿ ಹಾಕಬೇಕಾದರೆ ಕೆಳಗೆ ಸೀಲಿಂಗ್ ಬೇಕು. ಅದರ ಖರ್ಚು ಸೇರಿಸಿ. ಒಲೆಗೂ ಸೀಲಿಂಗ್ ಇದ್ದರೆ ಒಳ್ಳೆಯದೇ. ಬಿಸಿ ಗಾಳಿಯೆಲ್ಲ ಹೆಂಚಿಗೆ ಹೋಗುತ್ತದೆ. ನನ್ನನ್ನು ಕೇಳಿದರೆ ಮೊದಲು ಸೀಲಿಂಗ್, ಆಮೇಲೆ ಒಲೆ.

ಲೆಕ್ಕಾಚಾರ
ಗಾರೆಮನೆ ಹೇಳಿದ್ದು ಈ ಚರ್ಚೆಯಲ್ಲೇ ಅತಿ ಮುಖ್ಯವಾದ ಮಾತು. ನನ್ನ 3 ಕಿಲೋವಾಟ್ ಲೆಕ್ಕ ಸೀಲಿಂಗ್ ಇರುವ ಹಾಲ್‌ಗೆ. ಬರೀ ಹೆಂಚಿದ್ದರೆ ಇದರ ಎರಡು ಪಟ್ಟಾದರೂ ಬೇಕು. ಕರೆಂಟ್ ಹೋಗುವುದು ನಿಜವಾದ ಸಮಸ್ಯೆ, ಒಪ್ಪಿದೆ. ಹಾಗಾದರೆ ಒಲೆಯನ್ನು ಉಳಿತಾಯಕ್ಕೆ ಹಾಕಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಕರೆಂಟ್ ಇಲ್ಲದ ದಿನಕ್ಕೆ ಹಾಕಿಸುತ್ತಿದ್ದೀರಿ. ಆ ದೃಷ್ಟಿಯಲ್ಲಿ 35 ಸಾವಿರ ಸರಿ, 2.6 ಲಕ್ಷ ಸರಿಯಲ್ಲ.

ತೋಟದಾಳು
ಬಿಟ್ಟಿ ಸೌದೆ ಅನ್ನುವ ಮಾತಿಗೆ ಬರೋಣ. ನಮ್ಮದೂ ಕಾಫಿ ತೋಟ, ಮೂಡಿಗೆರೆ ಕಡೆ. ಮರಗಸಿ ಆದ ಮೇಲೆ ಕೊಂಬೆ ಬಿದ್ದಲ್ಲೇ ಇರುತ್ತದೆ. ಅದನ್ನು ಕಡಿದು, ಹೊತ್ತು, ಸೀಳಿ, ಪೇರಿಸುವವರು ಯಾರು? ಒಂದು ಟನ್‌ಗೆ ಮೂರು ಆಳಿನ ಕೂಲಿಯಾದರೂ ಬೇಕು. ಈಗಿನ ಕೂಲಿ 600 ಹಿಡಿದರೆ ಕೆಜಿಗೆ ಹತ್ತಿರ ಹತ್ತಿರ 2 ರೂಪಾಯಿ. ಅದರ ಮೇಲೆ ಚೈನ್ ಸಾ, ಪೆಟ್ರೋಲ್. ಇಡುವುದಕ್ಕೆ ಶೆಡ್ ಬೇಕು, ತಗಡು ಹೊದಿಸಿ, ಪಕ್ಕ ಗಾಳಿಯಾಡುವ ಹಾಗೆ. ನಿಮ್ಮ ಊರಿನ ಮಳೆಗೆ ಟಾರ್ಪಾಲ್ ಹೊದಿಸಿದರೆ ಅಡಿಯಲ್ಲಿ ಬೂಷ್ಟು ಬರುತ್ತದೆ. ಶೆಡ್‌ಗೇ ಮೂವತ್ತು ನಲವತ್ತು ಸಾವಿರ ಆಗುತ್ತದೆ. ಒಲೆಯಷ್ಟೇ ಖರ್ಚು.

ಇನ್ನೂ ಒಂದು ವಿಷಯ. ಈ ವರ್ಷ ಕಡಿದ ಸೌದೆ ಮುಂದಿನ ವರ್ಷಕ್ಕೆ. ಹಸಿ ಸೌದೆಯಲ್ಲಿ ಅರ್ಧ ತೂಕ ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡುವುದಕ್ಕೇ ಉರಿ ಖರ್ಚು. ಅದರ ಮೇಲೆ ಪೈಪಿನ ಒಳಗೆ ಟಾರ್ ತರದ ಮಸಿ ಕಟ್ಟುತ್ತದೆ. ಅದಕ್ಕೆ ಬೆಂಕಿ ಹತ್ತಿದರೆ ಮಾಡಿಗೇ ಅಪಾಯ.

ಕಾಫಿಕಣ
ಯಾವ ಮರ ಒಳ್ಳೆಯದು ಅಣ್ಣ? ನಮ್ಮಲ್ಲಿ ಸಿಲ್ವರ್ ಓಕ್ ಜಾಸ್ತಿ, ಹಾಲವಾಣ ಇದೆ, ಹಳೇ ಕಾಫಿ ಗಿಡ ಕಿತ್ತ ಬೊಡ್ಡೆಗಳಿವೆ.

ತೋಟದಾಳು
ಕಾಫಿ ಬೊಡ್ಡೆ ಚಿನ್ನ, ಗಟ್ಟಿಯಾಗಿ ತುಂಬಾ ಹೊತ್ತು ಉರಿಯುತ್ತದೆ. ಸಿಲ್ವರ್ ಓಕ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಹಾಲವಾಣ ಬರೀ ಹೊಗೆ, ಅದನ್ನು ತೋಟದಲ್ಲೇ ಕೊಳೆಯಲು ಬಿಡಿ. ಚೇರೆ ಮರ ಮಾತ್ರ ಕೈಯಲ್ಲೂ ಮುಟ್ಟಬೇಡಿ, ಒಲೆಗೂ ಹಾಕಬೇಡಿ. ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ.

ಎಸ್ಟೇಟ್_ರೋಡ್
ಕಡಿಯುವುದಕ್ಕೆ ಪರ್ಮಿಷನ್ ವಿಷಯವೂ ನೋಡಿ. 1976ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ರಬ್ಬರ್, ತೆಂಗು ಇಂಥವಕ್ಕೆ ವಿನಾಯಿತಿ ಇದೆ. ಬೀಟೆ, ತೇಗ, ಕಾಡು ಜಾತಿಯವನ್ನು ಸ್ವಂತ ತೋಟದಲ್ಲಿದ್ದರೂ ಕೇಳದೆ ಕಡಿಯುವ ಹಾಗಿಲ್ಲ. ಸೌದೆಗೆ ಅಂತ ಕಡಿದು ದಂಡ ಕಟ್ಟಿದರೆ ಅದೂ ಒಲೆಯ ಖರ್ಚೇ.

ವರ್ಮಾಂಟ್_ಅಕ್ಕ
ನಾನು ಅಮೆರಿಕದ ವರ್ಮಾಂಟ್‌ನಲ್ಲಿದ್ದೇನೆ, ಹುಟ್ಟೂರು ಸಾಗರ. ಇಲ್ಲಿ ಅರ್ಧ ಊರೇ ಸೌದೆ ಒಲೆಯಲ್ಲಿ ಚಳಿಗಾಲ ಕಳೆಯುತ್ತದೆ. ಇಲ್ಲಿಯ ರೇಟ್ ನಿಮಗೆ ಉಪಯೋಗವಿಲ್ಲ. ಆದರೆ ಇಲ್ಲಿಯವರು ಖರ್ಚು ನೋಡುವ ರೀತಿ ಉಪಯೋಗಕ್ಕೆ ಬರಬಹುದು.

ಇಲ್ಲಿ ಒಲೆಗೆ ಎಷ್ಟು ಕೊಡುತ್ತೀರೋ ಹತ್ತಿರ ಹತ್ತಿರ ಅಷ್ಟೇ ಪೈಪ್, ಲೈನರ್ (ಚಿಮಣಿಯ ಒಳಗೆ ಇಳಿಸುವ ಕೊಳವೆ), ಕೂಲಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷೆ, ಗುಡಿಸುವುದು. ಮನೆ ವಿಮೆಯವರಿಗೆ ಮೊದಲೇ ತಿಳಿಸಬೇಕು, ಕೆಲವರು ಪ್ರೀಮಿಯಂ ಏರಿಸುತ್ತಾರೆ. ತಿಳಿಸದೆ ಬೆಂಕಿ ಬಿದ್ದರೆ ಕ್ಲೇಮ್ ಕಷ್ಟ. ಸರ್ಕಾರ 2023ರಿಂದ 2025ರ ಕೊನೆಯವರೆಗೆ, ಶಾಖದ ನೂರಕ್ಕೆ 75 ಪಾಲು ಉಪಯೋಗಕ್ಕೆ ಕೊಡುವ ಒಲೆಗಳಿಗೆ ಖರ್ಚಿನ ಶೇ 30ರಷ್ಟು, ಗರಿಷ್ಠ 2000 ಡಾಲರ್, ತೆರಿಗೆಯಲ್ಲಿ ಬಿಡುತ್ತಿತ್ತು. ಈಗ ಅದು ಇಲ್ಲ.

ಸೌದೆ ಇಲ್ಲಿ ಕಾರ್ಡ್ ಲೆಕ್ಕದಲ್ಲಿ ಕೊಡುತ್ತಾರೆ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ, 128 ಘನ ಅಡಿ. ಕೊಳ್ಳುವಾಗ ಎಲ್ಲರ ಕೈಯಲ್ಲೂ ತೇವ ನೋಡುವ ಚಿಕ್ಕ ಮೀಟರ್. ಶೇ 20ಕ್ಕಿಂತ ಕಡಿಮೆ ಇದ್ದರೆ ಮಾತ್ರ ಒಲೆಗೆ. ಆ ಮೀಟರ್ ಭಾರತದಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ ಇಲ್ಲ. ಸೌದೆಯನ್ನು ಸೀಳಿ, ಹೊಸದಾಗಿ ಕಂಡ ಮೇಲ್ಮೈಗೆ ಚುಚ್ಚಿ ನೋಡಿ, ತುದಿಯಲ್ಲಿ ನೋಡಬೇಡಿ.

ಬಿಳಿಗಿರಿ
ಅಕ್ಕಾ, ಕೊಡಗಿನ ತೋಟದ ಮನೆಗೆ ವಿಮೆ ಯಾರು ಮಾಡಿಸುತ್ತಾರೆ?

ಮಡಿಲು
ಸಾಲ ತೆಗೆದು ಕಟ್ಟಿದವರಲ್ಲಿ ತುಂಬಾ ಜನ ಮಾಡಿಸಿರುತ್ತಾರೆ. ಬ್ಯಾಂಕಿನವರೇ ಸಾಲದ ಜೊತೆ ಕೊಟ್ಟಿರುತ್ತಾರೆ, ನಮಗೆ ಗೊತ್ತೇ ಇರುವುದಿಲ್ಲ. ಕಾಗದ ತೆಗೆದು ಓದಿ ನೋಡಿ ಕಾಫಿಕಣ ಅವರೇ.

ಹೋಮ್‌ಸ್ಟೇ_ಕಕ್ಕಬ್ಬೆ
ನಾವು ಎರಡು ರೂಮಿಗೆ ಫೈರ್‌ಪ್ಲೇಸ್ ಕಟ್ಟಿಸಿದೆವು, ಅತಿಥಿಗಳು ಇಷ್ಟಪಡುತ್ತಾರೆ ಅಂತ. ಫೋಟೋಗೆ ಇಷ್ಟಪಡುತ್ತಾರೆ, ನಿಜ. ಬುಕಿಂಗ್‌ಗೂ ಸ್ವಲ್ಪ ಸಹಾಯ ಆಗುತ್ತದೆ. ಆದರೆ ಬೆಂಕಿ ಹಚ್ಚುವುದಕ್ಕೆ ಪ್ರತಿ ಸಂಜೆ ಒಬ್ಬ ಹುಡುಗ ಬೇಕು. ಅತಿಥಿಗಳೇ ಹಚ್ಚಿದರೆ ಪ್ಲಾಸ್ಟಿಕ್ ಹಾಕುತ್ತಾರೆ, ಸೌದೆ ತುಂಬಿಬಿಡುತ್ತಾರೆ. ಕಿಡಿ ಹಾರಿ ಮರದ ನೆಲ ಸುಟ್ಟಿತು. ಈಗ ಒಂದು ರೂಮಿನದನ್ನು ಮುಚ್ಚಿ, ಅದೇ ಚಿಮಣಿಗೆ ಬಾಗಿಲಿನ ಕಬ್ಬಿಣದ ಒಲೆ ಜೋಡಿಸಿದ್ದೇವೆ. ಸೌದೆ ಅರ್ಧಕ್ಕಿಂತ ಕಡಿಮೆಯಾಯಿತು. ವ್ಯಾಪಾರಕ್ಕೆ ಅಂತಾದರೆ ಫೈರ್‌ಪ್ಲೇಸ್ ಬಗ್ಗೆ ಯೋಚಿಸಬಹುದು. ಸ್ವಂತ ಮನೆಗೆ, ಅದರಲ್ಲೂ ವಯಸ್ಸಾದ ಅಮ್ಮನಿಗೆ, ಮುಚ್ಚುವ ಒಲೆಯೇ.

ಎಸ್ಟೇಟ್_ರೋಡ್
ಈ ಉಪಾಯ ನನಗೆ ಹಿಡಿಸಿತು. ನಮ್ಮ ಚಿಮಣಿ ಗಟ್ಟಿಯಾಗಿದೆ. ಒಲೆ ಜೋಡಿಸುವಾಗ ಚಿಮಣಿಯ ಒಳಗೆ ಪೂರ್ತಿ ಪೈಪ್ ಇಳಿಸಿದಿರಾ, ಅಥವಾ ಸ್ವಲ್ಪ ದೂರ ಮಾತ್ರವಾ?

ಹೋಮ್‌ಸ್ಟೇ_ಕಕ್ಕಬ್ಬೆ
ಪೂರ್ತಿ ತುದಿಯವರೆಗೆ. ಸ್ವಲ್ಪ ದೂರ ಮಾತ್ರ ಇಳಿಸಿದರೆ ದೊಡ್ಡ ಚಿಮಣಿಯಲ್ಲಿ ಹೊಗೆ ತಣ್ಣಗಾಗಿ ಮಸಿ ಅಲ್ಲೇ ಕಟ್ಟುತ್ತದೆ, ಗುಡಿಸುವುದೂ ಕಷ್ಟ.

ಪುತ್ತೂರು_ಅಬ್ಬಿ
ನೀವೆಲ್ಲ ಹಾಲ್‌ನಲ್ಲೇ ಇದ್ದೀರಿ ಮಾರಾಯ್ರೆ. ದುಡ್ಡು ಉಳಿಯುವುದು ಬಚ್ಚಲಲ್ಲಿ! ಹಾಲ್‌ಗೆ ವರ್ಷದಲ್ಲಿ ಕೆಲವು ತಿಂಗಳು, ಬಿಸಿನೀರು 365 ದಿನ. ನಮ್ಮಲ್ಲಿ ಅಬ್ಬಿಗೆ (ಬಚ್ಚಲಲ್ಲಿ ನೀರು ಕಾಯಿಸುವ ಒಲೆಗೆ) ತೆಂಗಿನ ಮಡಲು, ಅಡಿಕೆ ಸೋಗೆ, ಅಡಿಕೆ ಸಿಪ್ಪೆ, ಕರಟ, ಇವೇ ಸಾಕು. ಸೌದೆ ಮುಟ್ಟುವುದೇ ಇಲ್ಲ. ಕಾಫಿಕಣ ಅವರೇ, ಹಾಲ್‌ನ ಒಲೆಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಬದಲು ಬಚ್ಚಲಿಗೆ ಒಳ್ಳೆಯ ಒಲೆ ಕಟ್ಟಿಸಿ.

ಲೆಕ್ಕಾಚಾರ
ಇದಕ್ಕೂ ಲೆಕ್ಕ ಹಾಕಿದೆ. ನಾಲ್ಕು ಜನಕ್ಕೆ 200 ಲೀಟರ್, 20 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 6 ಯೂನಿಟ್. ಗೀಸರ್‌ನಲ್ಲಿ ದಿನಕ್ಕೆ 42 ರೂಪಾಯಿ, ತಿಂಗಳಿಗೆ 180 ಯೂನಿಟ್. ಹಳೇ ಮಾದರಿಯ ಹಂಡೆ ಒಲೆ, ಅಂದರೆ ಕಂಬಿ ಜಾಲರಿ ಇಲ್ಲ, ಚಿಮಣಿ ಇಲ್ಲ, ಸುತ್ತ ತೆರೆದದ್ದು. ಅದಕ್ಕೆ ಶಾಖದ ನೂರಕ್ಕೆ 15 ಪಾಲು ನೀರಿಗೆ ಹೋಗುತ್ತದೆ ಅಂತ ಹಿಡಿದರೆ ಹತ್ತಿರ ಹತ್ತಿರ 10 ಕೆಜಿ ಸೌದೆ. ಕೊಂಡರೆ ಸುಮಾರು 80 ರೂಪಾಯಿ. ಗೀಸರ್‌ಗಿಂತ ದುಬಾರಿ! ಜಾಲರಿ, ಚಿಮಣಿ ಇಟ್ಟು ಹಂಡೆಗೆ ಸುತ್ತಲೂ ಉರಿ ತಾಗುವ ಹಾಗೆ ಕಟ್ಟಿ 30ಕ್ಕೆ ತಂದರೆ ಐದು ಕೆಜಿಗಿಂತ ಕಡಿಮೆ. ಆಗ ಗೀಸರ್‌ಗೆ ಸರಿಸಮ. ಅಂದರೆ ಕೊಂಡ ಸೌದೆಯಲ್ಲಿ ನೀರು ಕಾಯಿಸಿ ಉಳಿತಾಯ ಇಲ್ಲ. ತೋಟದ ಕಸ ಇದ್ದವರಿಗೆ ಮಾತ್ರ ಲಾಭ. ಪುತ್ತೂರಿನವರಿಗೆ ಇದೆ.

ಬಿಳಿಗಿರಿ
ಗೃಹಜ್ಯೋತಿ ಇದೆಯಲ್ಲ, ಗೀಸರ್ ಬಿಟ್ಟಿ.

ಲೆಕ್ಕಾಚಾರ
ಇಲ್ಲ ಸರ್. ಅದು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗೀಸರ್ ಒಂದೇ 180 ತಿಂದರೆ ಫ್ರಿಜ್, ಪಂಪು, ಮಿಕ್ಸಿ ಸೇರಿ 200 ಆರಾಮಾಗಿ ದಾಟುತ್ತದೆ. ಬಚ್ಚಲ ಒಲೆಯಿಂದ ನಿಜವಾದ ಉಳಿತಾಯ ಇಲ್ಲೇ ಇದೆ: ಬಿಲ್ ಆ ಗಡಿಯ ಒಳಗೆ ಉಳಿಯುತ್ತದೆ.

ಶಿರಸಿ_ಬೆಟ್ಟ
ಜಾಲರಿ ಮತ್ತು ಚಿಮಣಿ ಅಂದಾಗ ಅಸ್ತ್ರ ಒಲೆ ನೆನಪಾಯಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರುವಾಗಿತ್ತು, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಮಾಡಲು. ಎ.ಕೆ.ಎನ್. ರೆಡ್ಡಿ ಅವರು ಕಟ್ಟಿದ್ದು. ಅಲ್ಲಿಂದ ಬಂದ ಒಲೆ ನಮ್ಮ ಭಾಗದಲ್ಲಿ ಮನೆಮನೆಗೆ ಬಂತು. ಅಡುಗೆಮನೆಯ ಹೊಗೆ ಹೋಯಿತು, ಸೌದೆ ಕಡಿಮೆಯಾಯಿತು. ಬಚ್ಚಲಿಗೂ ಅದೇ ತತ್ವದ ಒಲೆ ಕಟ್ಟುವವರಿದ್ದರು. ಬೆಟ್ಟದಿಂದ ಸೌದೆ ಹೊರುತ್ತಿದ್ದ ಹೆಂಗಸರಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಹೊತ್ತವರಿಗೇ ಗೊತ್ತು.

ಈಗ ಕಟ್ಟಲು ಬರುವವರು ಕಡಿಮೆ. ಅಳತೆ ತಪ್ಪಿದರೆ ಉರಿಯುವುದಿಲ್ಲ. ಬಾಯಿ, ಜಾಲರಿ, ಹಂಡೆಯ ತಳಕ್ಕೂ ಜಾಲರಿಗೂ ನಡುವಿನ ಅಂತರ, ಎಲ್ಲ ಅಳತೆಯಂತೆ ಇರಬೇಕು. ಮೇಸ್ತ್ರಿ ಕಣ್ಣಳತೆಯಲ್ಲಿ ಮಾಡಿದರೆ ಬರೀ ಚಿಮಣಿ ಇರುವ ಹಳೇ ಒಲೆ ಆಗುತ್ತದೆ.

ಪುತ್ತೂರು_ಅಬ್ಬಿ
ಬೂದಿಯ ಲೆಕ್ಕ ಯಾರೂ ಹಾಕಲಿಲ್ಲ. ತೆಂಗಿನ ಬುಡಕ್ಕೆ ಹಾಕುತ್ತೇವೆ. ಪಾತ್ರೆ ತೊಳೆಯಲು, ಬೀಜ ಕೆಡದ ಹಾಗೆ ಇಡಲು ಎಲ್ಲಕ್ಕೂ ಬೂದಿಯೇ.

ತೋಟದಾಳು
ಕಾಫಿಗೂ ಒಳ್ಳೆಯದು, ಹುಳಿ ಮಣ್ಣಿಗೆ. ಆದರೆ ಪೇಂಟ್ ಹಾಕಿದ ಮರ, ಪ್ಲೈವುಡ್ ಉರಿಸಿದ ಬೂದಿ ತೋಟಕ್ಕೆ ಬೇಡ.

ವರ್ಮಾಂಟ್_ಅಕ್ಕ
ಸೌದೆ ರಾಶಿಯನ್ನು ಮನೆ ಗೋಡೆಗೆ ಆತು ಪೇರಿಸಬೇಡಿ. ಇಲ್ಲಿ ಇರುವೆ, ಇಲಿ. ನಮ್ಮೂರಲ್ಲಿ ಹಾವು, ಚೇಳು, ಗೆದ್ದಲು.

ಶಿರಸಿ_ಬೆಟ್ಟ
ಗೆದ್ದಲು ಹಿಡಿದರೆ ಮರದ ಬಾಗಿಲು, ಪಕಾಸು ಎಲ್ಲ ಹೋಗುತ್ತದೆ. ಸೌದೆ ಶೆಡ್ ಮನೆಯಿಂದ ಇಪ್ಪತ್ತು ಅಡಿ ದೂರ ಇರಲಿ. ಕೆಳಗೆ ಕಲ್ಲು ಚಪ್ಪಡಿ ಹಾಕಿ.

ಕಾಫಿಕಣ
ಎಲ್ಲ ಓದಿ, ಮನೆಯಲ್ಲಿ ಕೂತು ಮಾತಾಡಿದೆವು. ಇಟ್ಟಿಗೆ ಫೈರ್‌ಪ್ಲೇಸ್ ಕೈಬಿಟ್ಟೆವು. ಹೆಂಡತಿಗೆ ಸ್ವಲ್ಪ ಬೇಜಾರು, ಆದರೆ ಒಲೆಯ ಬಾಗಿಲಿಗೆ ಗಾಜು ಹಾಕಿಸೋಣ ಅಂದೆ. ವೆಲ್ಡಿಂಗ್ ಶಾಪ್‌ನವರು ಶಾಖ ತಡೆಯುವ ಗಾಜು ತರಿಸಿದರೆ ಆರೇಳು ಸಾವಿರ ಜಾಸ್ತಿ ಆಗುತ್ತದೆ ಅಂದರು, ಒಪ್ಪಿದೆವು. ಹಾಲ್‌ಗೆ ಸೀಲಿಂಗ್ ಮಾಡಿಸುತ್ತೇವೆ. ಸೌದೆ ಶೆಡ್ ಈ ಬೇಸಿಗೆಯಲ್ಲೇ. ಬಚ್ಚಲಿಗೆ ಜಾಲರಿ, ಚಿಮಣಿ ಇರುವ ಹಂಡೆ ಒಲೆ, ಜೊತೆಗೆ ಸೋಲಾರ್‌ಗೆ ಪೈಪ್ ಮಾತ್ರ ಈಗಲೇ ಎಳೆಸಿ ಇಡುತ್ತೇವೆ. ದುಡ್ಡು ಕೂಡಿದಾಗ ಹಾಕಿಸುವುದು, ನವೆಂಬರ್‌ನಿಂದ ಮೇವರೆಗೆ ಬಿಸಿಲಿಗೆ ಕೊರತೆ ಇಲ್ಲ.

ಗಾರೆಮನೆ ಅಣ್ಣ, ಒಂದೇ ಪ್ರಶ್ನೆ ಉಳಿದಿದೆ. ಪೈಪನ್ನು ಮಾಡು ತೂರಿ ತೆಗೆಯುವ ಬದಲು ಪಕ್ಕದ ಗೋಡೆಯಿಂದ ಹೊರಗೆ ತೆಗೆದು ಮೇಲಕ್ಕೆ ಒಯ್ಯಬಹುದಾ? ಸೋರುವ ತಲೆನೋವು ತಪ್ಪುತ್ತದಲ್ಲ.

ಗಾರೆಮನೆ
ಒಯ್ಯಬಹುದು. ನಿಮ್ಮ ಮಳೆಗೆ ಅದೇ ವಾಸಿ. ಆದರೆ ಹೊರಗಿನ ಪೈಪ್ ತಣ್ಣಗಾದರೆ ಹೊಗೆ ಏಳುವುದಿಲ್ಲ, ಮಸಿ ಜಾಸ್ತಿ ಕಟ್ಟುತ್ತದೆ. ಹಾಗಾಗಿ ಹೊರಗಿನದು ಎರಡು ಪದರದ್ದಾಗಲಿ, ನಡುವೆ ಸೆರಾಮಿಕ್ ಉಲ್ಲನ್ ತುಂಬಿಸಿ. ಒಳಗಿನ ಪದರ 304 ಗ್ರೇಡ್ ಸ್ಟೇನ್‌ಲೆಸ್. ಕಡಿಮೆ ಗ್ರೇಡ್ ಹಾಕಿದರೆ ತುಕ್ಕು ಬರುತ್ತದೆ. ಹಾಲ್ ಒಳಗೆ ಒಂದೇ ಪದರದ ಪೈಪ್ ಸಾಕು, ಅದರಿಂದಲೂ ಬಿಸಿ ಸಿಗುತ್ತದೆ. ಆದರೆ ಮರದ ಸಾಮಾನು, ಪರದೆ ಅದರಿಂದ ಒಂದೂವರೆ ಅಡಿ ದೂರ ಇರಬೇಕು. ಬಾಗು ಎರಡಕ್ಕಿಂತ ಜಾಸ್ತಿ ಬೇಡ. ಕೆಳ ಬಾಗಿನಲ್ಲಿ ಬಿಚ್ಚುವ ಮುಚ್ಚಳ ಇಡಿಸಿ, ಗುಡಿಸಲು. ತುದಿಗೆ ಮಳೆಟೋಪಿ.

ಹವಾಲ್ದಾರ್_ಮಡಿಕೇರಿ
ಮಳೆಟೋಪಿಗೆ ಜಾಲರಿ ಕೂಡ ಹಾಕಿಸು ಮಗಾ. ಹಕ್ಕಿ ಗೂಡು ಕಟ್ಟಿದರೆ ಹೊಗೆ ಒಳಗೆ ಬರುತ್ತದೆ. ನನ್ನ ಬುಖಾರಿ ನೋಡಬೇಕಾದರೆ ಒಂದು ಭಾನುವಾರ ಮಡಿಕೇರಿಗೆ ಬಾ, ಉರಿಸಿ ತೋರಿಸುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬಾ.

ಕಾಫಿಕಣ
ಖಂಡಿತ ಬರುತ್ತೇವೆ ಅಂಕಲ್. ಗೋಡೆಗೆ ತೂತು 8 ಇಂಚು ಬಿಡಿಸಲಾ ಅಣ್ಣ? ಮೇಸ್ತ್ರಿ ನಾಳೆ ಕೇಳುತ್ತಾರೆ.

ಗಾರೆಮನೆ
ಈಗ ಬಿಡಿಸಬೇಡಿ. ಪೈಪ್ ಮೊದಲು ತರಿಸಿ, ಹೊರ ಪದರ ಎಷ್ಟು ಇಂಚು ಇದೆ ನೋಡಿ. ಅದಕ್ಕಿಂತ ಸುತ್ತ ಎರಡು ಇಂಚು ಜಾಸ್ತಿ ಇಟ್ಟು ತೂತು ಮಾಡಿಸಿ, ಸಂದಿಗೆ ಅದೇ ಉಲ್ಲನ್ ತುಂಬಿಸಿ. ಲಿಂಟಲ್ ಕೆಳಗೆ ಬರುತ್ತದಾ, ಮೇಲೆ ಬರುತ್ತದಾ ಅಂತ ಒಲೆಯ ಎತ್ತರ ಹಿಡಿದು ನಾಳೆ ಮೇಸ್ತ್ರಿ ಜೊತೆ ಅಳೆಯಿರಿ. ಅಳತೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.